ಜೀನ್ ಜೊತೆ ಮುದ್ದೆಯ ಗಾತ್ರವನ್ನೂ ನೋಡಿ
ಅಪ್ಪ ಅಮ್ಮನಿಗೆ ಶುಗರ್ (ಮಧುಮೇಹ) ಇದ್ದರೆ ಮಕ್ಕಳಿಗೂ ತಪ್ಪಿದ್ದಲ್ಲ ಎಂದು ಈ ಕಾಯಿಲೆ ಬಗ್ಗೆ ಬಂದ ಲೇಖನವೊಂದರಲ್ಲಿ ಓದಿದೆ. ಇದು ಅರ್ಧ ನಿಜ. ಶುಗರ್ ಜೊತೆ ನಂಟಿದೆ ಎಂದು 2006ರಲ್ಲಿ ಗುರುತಿಸಿದ ಟಿಸಿಎಫ್7ಎಲ್2 ಎಂಬ ಜೀನ್‌ನ (ವಂಶವಾಹಿಯ) ಒಂದು ರೂಪ ಇದ್ದವರಲ್ಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಬರುವುದು ಕಡಿಮೆ, ಶುಗರ್ ಬರುವ ಅಪಾಯ ಜಾಸ್ತಿ. ಆದರೆ ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಅಧ್ಯಯನದಲ್ಲಿ, ಶುಗರ್ ಬರುವ ಅಪಾಯ ಹೆಚ್ಚಿದ್ದವರ ಪೈಕಿ ಊಟ ಬದಲಿಸಿ, ವಾರಕ್ಕೆ 150 ನಿಮಿಷ ನಡೆದು, ತೂಕ ಇಳಿಸಲು ಹೊರಟ ಗುಂಪಿನಲ್ಲಿ ಕಾಯಿಲೆ ಬರುವುದು, ಬರೀ ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಿಗಿಂತ ಶೇ 58ರಷ್ಟು ಕಡಿಮೆಯಾಯಿತು. ಆ ಜೀನ್ ಇದ್ದವರಿಗೂ ಉಪಯೋಗವಾಯಿತು.

ನಮ್ಮ ಹಾಸನದ ಕಡೆ ಇನ್ನೊಂದು ನಂಬಿಕೆ ಇದೆ, ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ! ರಾಗಿಯಲ್ಲಿ ನಾರು ಅಕ್ಕಿಗಿಂತ ಜಾಸ್ತಿ, ಸರಿ. ಆದರೂ ಹೆಚ್ಚಿನ ಪಾಲು ಪಿಷ್ಟವೇ ಅಲ್ವಾ? ಗದ್ದೆಯಲ್ಲಿ ದುಡಿದ ತಾತ ಉಣ್ಣುತ್ತಿದ್ದಷ್ಟೇ ಮುದ್ದೆಯನ್ನು ಆಫೀಸಲ್ಲಿ ಕೂರುವ ಮೊಮ್ಮಗನೂ ನುಂಗಿದರೆ ಹೇಗೆ? ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಇರಲಿ.