ಮೊದಲು ಊಟ, ಆಮೇಲೆ ದ್ವೀಪ

ಅವ್ವ ಅಕ್ಕಲಕೋಟೆಯಿಂದ ಬರುತ್ತಾಳೆ ಅಂತ ಗೊತ್ತಾದರೆ ಸಾಕು, ಕಾಸರಗೋಡಿನ ನನ್ನ ಗೆಳತಿಯರು ಪಟ್ಟಿ ಕೊಡೋಕೆ ಶುರು. ಬೇಕಲ ಕೋಟೆ ತೋರಿಸು, ಅನಂತಪುರದ ಕೆರೆ ದೇವಸ್ಥಾನ ತೋರಿಸು, ರಾಣಿಪುರಂ ಬೆಟ್ಟ ಹತ್ತಿಸು. 76 ವರ್ಷದ ಹೆಂಗಸು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಅರ್ಧ ಕಟ್ಟಿಸಿದ ಹಲ್ಲು. ಬೆಟ್ಟ ಹತ್ತಿಸಬೇಕಂತೆ!

ಬೇಕಲ ನಮ್ಮ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ನಾನೂ ಆಸೆ ತೋರಿಸಿದೆ. "ಕ್ವಾಟಿ ಸೊಲ್ಲಾಪುರದಾಗೂ ಅದ ಬಿಡು" ಅಂದಳು. ಆಕೆಗೆ ಬೇಕಾಗಿದ್ದು ಒಂದೇ. "ಸುತ್ತೂ ನೀರ ಇರೂ ಊರಾಗ ಮಂದಿ ಹೆಂಗ ಬಾಳೇ ಮಾಡ್ತಾರ, ಅದನ್ನ ತೋರಸು." ಕೊಡ ನೀರಿಗೆ ಸರದಿ ನಿಂತು ಬೆಳೆದವಳು ಹೀಗೆ ಕೇಳಿದರೆ ಇಲ್ಲ ಅನ್ನೋದು ಹೇಗೆ?

ಹೋದ ವರ್ಷ ನಾನು ಮಾಡಿದ್ದು ದೊಡ್ಡ ತಪ್ಪು. ದ್ವೀಪ ಅಂದ ಕೂಡಲೇ ಮಲ್ಪೆಯ ಸೇಂಟ್ ಮೇರೀಸ್ ನೆನಪಾಯಿತು. ಕಾಸರಗೋಡಿನಿಂದ ನೂರು ಕಿಲೋಮೀಟರ್ ಮೀರಿದ ದಾರಿ. ದೊಡ್ಡ ದೋಣಿಯಲ್ಲಿ ಹೋಗಿ, ದ್ವೀಪದ ಹತ್ತಿರ ಸಣ್ಣ ದೋಣಿಗೆ ಇಳಿಯಬೇಕು. ಎರಡೂ ದೋಣಿ ಅಲೆಗೆ ಏರಿಳಿಯುತ್ತಿವೆ. ಅವ್ವನ ಒಂದು ಕಾಲು ಇಲ್ಲಿ, ಇನ್ನೊಂದು ಗಾಳಿಯಲ್ಲಿ. ಇಬ್ಬರು ಹುಡುಗರು ರಟ್ಟೆ ಹಿಡಿದು ಇಳಿಸಿದರು. ನನ್ನ ಜೀವ ಬಾಯಿಗೆ ಬಂದಿತ್ತು. ಲಾವಾ ತಣ್ಣಗಾಗುವಾಗ ಬಿರಿದು ಕಂಬದ ಹಾಗೆ ನಿಂತ ಕಲ್ಲುಗಳು, ನೋಡೋಕೆ ನಿಜಕ್ಕೂ ಚೆಂದ. ಅವ್ವ ಸುತ್ತ ನೋಡಿ, "ಕಲ್ಲು ಛಲೋ ಅದಾವ. ಆದ್ರ ಮಂದಿನೇ ಇಲ್ಲಲ್ಲ?" ಅಂದಳು. ಮನೆಯೇ ಇಲ್ಲದ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ.

ಅದರ ಮರುವಾರ ಹೌಸ್‌ಬೋಟ್. ಯಾರದು ಅಂತ ಹೇಳಲ್ಲ. ಊಟ ಒಂದು ಗಂಟೆಗೆ ಅಂದವರು ಕೊಟ್ಟಿದ್ದು ಎರಡೂ ಮುಕ್ಕಾಲಿಗೆ. ಸಸ್ಯಾಹಾರ ಅಂದರೆ ಮೀನು ತೆಗೆದ ತಟ್ಟೆ ಅಷ್ಟೇ. ಅನ್ನ, ಹಪ್ಪಳ, ಉಪ್ಪಿನಕಾಯಿ. ಅಷ್ಟರಲ್ಲಿ ಅವ್ವನ ಕೈ ನಡುಗುತ್ತಿತ್ತು, ಹಣೆ ತುಂಬಾ ಬೆವರು. ನನ್ನ ಬ್ಯಾಗಿನ ತಳದಲ್ಲಿ ಸಿಕ್ಕ ಎರಡು ಚಾಕ್ಲೇಟು ಆವತ್ತು ಕಾಪಾಡಿದವು.

ಅದಕ್ಕೇ ಹೇಳುತ್ತೇನೆ, ವಯಸ್ಸಾದವರ ಪ್ರವಾಸಕ್ಕೆ ಜಾಗ ಹುಡುಕೋದು ಆಮೇಲೆ. ಮೊದಲು ಊಟ ಎಲ್ಲಿ, ಎಷ್ಟು ಗಂಟೆಗೆ, ಬಚ್ಚಲಿಗೆ ಎಷ್ಟು ಮೆಟ್ಟಿಲು ಅನ್ನೋದು ಗೊತ್ತಾಗಬೇಕು. ನಾವು ಫೋಟೋ ನೋಡಿ ಜಾಗ ಆರಿಸುತ್ತೇವೆ, ಅಲ್ವಾ? ಊಟ "ಅಲ್ಲೇ ಏನಾದ್ರೂ ಸಿಗುತ್ತೆ" ಅಂತ ಬಿಟ್ಟುಬಿಡುತ್ತೇವೆ. ಆ ಏನಾದ್ರೂ ಎಪ್ಪತ್ತು ದಾಟಿದವರಿಗೆ ಆಗಿಬರಲ್ಲ.

ಈ ಡಿಸೆಂಬರಿನಲ್ಲಿ ವಲಿಯಪರಂಬಕ್ಕೆ ಹೋದೆವು. ನಮ್ಮ ಜಿಲ್ಲೆಯದೇ ದ್ವೀಪ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಮನೆ, ಶಾಲೆ, ಅಂಗಡಿ ಎಲ್ಲ ಇದೆ. ಸೇತುವೆ ಇರೋದರಿಂದ ಕಾರು ನೇರ ದ್ವೀಪಕ್ಕೇ ಹೋಗುತ್ತದೆ. ದೋಣಿ ಹತ್ತಲೇಬೇಕು ಅನ್ನೋ ಹಟ ಈ ಸಲ ಬಿಟ್ಟಿದ್ದೆ. ನಿಮಗೆ ಬೇಕಿದ್ದರೆ ಒಂದು ಮಾತು: ಭರತ ಇಳಿತ ಕೇಳಿಕೊಂಡು ಹೋಗಿ. ಇಳಿತದಲ್ಲಿ ದೋಣಿ ಕಟ್ಟೆಗಿಂತ ಕೆಳಗೆ ಹೋಗುತ್ತದೆ, ಮೊಣಕಾಲು ನೋವಿನವರಿಗೆ ಆ ಒಂದು ಅಡಿಯೇ ಬೆಟ್ಟ.

ಹಿಂದಿನ ದಿನ ಹೇಳಿದರೆ ಅಡುಗೆ ಮಾಡಿಕೊಡುವ ಒಂದು ಮನೆ ಗೊತ್ತುಮಾಡಿದ್ದೆ. ಫೋನಿನಲ್ಲಿ ಹೇಳಿದ್ದು ಇಷ್ಟೇ: ಹನ್ನೆರಡೂವರೆಗೆ ಊಟ, ಮೀನು ಮುಟ್ಟದ ಪಾತ್ರೆ, ಕುಚ್ಚಲಕ್ಕಿ ಬದಲು ಬೆಳ್ತಿಗೆ ಅನ್ನ. ಆ ಮನೆಯ ಚೇಚಿ, ಅಂದರೆ ಅಕ್ಕ, ನಕ್ಕರು. ಮೀನಿಲ್ಲದೆ ಊಟ ಮಾಡೋಕೆ ದ್ವೀಪಕ್ಕೆ ಬರ್ತೀರಾ ಅಂತ. ಬರ್ತೀವಿ ಅಂದೆ.

ಎಲೆಗಿಂತ ಮೊದಲು ಬಂದ ನೀರು ನೋಡಿ ಅವ್ವ ಗಾಬರಿ. ತಿಳಿ ಗುಲಾಬಿ ಬಣ್ಣ. "ಇದ್ಯಾಕ ಹಿಂಗ ಕೆಂಪಗದ? ಬಣ್ಣ ಹಾಕ್ಯಾರೇನು?" ಪತಿಮುಗಂ ಅನ್ನೋ ಮರದ ಚಕ್ಕೆ ಹಾಕಿ ಕುದಿಸಿದ್ದು ಅಂತ ಹೇಳಿದ ಮೇಲೆ ಒಂದು ಗುಟುಕು ಕುಡಿದಳು. ಆಮೇಲೆ ಎರಡು ಲೋಟ. ತೆಂಗಿನೆಣ್ಣೆಯ ತೋರನ್ (ಪಲ್ಯ) ಮೂಸಿ ನೋಡಿ ಪಕ್ಕಕ್ಕೆ ಸರಿಸಿದಳು. ಆದರೆ ಓಲನ್ ಹಿಡಿಸಿತು. ಬೂದುಗುಂಬಳ, ಅಲಸಂದೆ, ತೆಂಗಿನ ಹಾಲು, ಖಾರ ಹೆಚ್ಚಿಲ್ಲ. ಕೈಚೀಲದಿಂದ ಕಡಕ್ ರೊಟ್ಟಿ ತೆಗೆದು, ಚೂರು ಚೂರು ಮುರಿದು ಅದರಲ್ಲಿ ನೆನೆಹಾಕಿದಳು. ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಚೇಚಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವರಿಗೂ ಒಂದು ರೊಟ್ಟಿ ಹೋಯಿತು.

ಎಲ್ಲಿ ಹೋದರೆ ಅಲ್ಲಿಯದೇ ತಿನ್ನಬೇಕು, ಮನೆ ಬುತ್ತಿ ಹೊತ್ತುಕೊಂಡು ಹೋಗೋದು ಹಳ್ಳಿ ಬುದ್ಧಿ ಅಂತ ಕೆಲವರು ಮೂಗು ಮುರಿಯುತ್ತಾರೆ. ನಮಗೆ ಸರಿ. ವಯಸ್ಸಾದವರ ಹೊಟ್ಟೆ ಕೆಟ್ಟರೆ ಮೂರು ದಿನ ಮಂಚ ಬಿಟ್ಟು ಏಳಲ್ಲ. ಬುತ್ತಿ ಕಟ್ಟಿ, ಸುಮ್ನೆ.

ವಾಪಸ್ ಬರುವಾಗ ಇಡಯಿಲಕ್ಕಾಡಿನ ಕಾವಿನ (ದೇವರ ಕಾಡಿನ) ಹತ್ತಿರ ನಿಲ್ಲಿಸಿದೆ. ಅಲ್ಲಿನ ಮಂಗಗಳಿಗೆ ಓಣಂ ಹೊತ್ತಿಗೆ ಎಲೆ ಹಾಕಿ ಊಟ ಬಡಿಸುತ್ತಾರೆ. ನಾನು ಆ ಕತೆ ಹೇಳಿ ಮುಗಿಸುವಷ್ಟರಲ್ಲಿ ಒಂದು ಮಂಗ ಬಂದು ಕೈಚೀಲಕ್ಕೇ ಕೈ ಹಾಕಿತು. ಉಳಿದಿದ್ದ ರೊಟ್ಟಿ ಎತ್ತಿಕೊಂಡು ಮರ ಹತ್ತಿ, ಕಟಕಟ ಕಡಿಯಿತು. "ನಿನ್ನ ಮಗನಿಗಿಂತ ಇದಕ್ಕ ಹಲ್ಲು ಗಟ್ಟಿ ಅದಾವ" ಅಂದಳು ಅವ್ವ. ನನ್ನ ಮಗ ರೊಟ್ಟಿ ತಿನ್ನಲ್ಲ ಅನ್ನೋ ಸಿಟ್ಟು ಇನ್ನೂ ಹೋಗಿಲ್ಲ.

ಅಂದು ಆಕೆ ಜಾಸ್ತಿ ಹೊತ್ತು ನಿಂತಿದ್ದು ಮಾತ್ರ ಹಿನ್ನೀರಿನ ದಂಡೆಯಲ್ಲಿ. ಸಮುದ್ರಕ್ಕೆ ಒಂದು ನಮಸ್ಕಾರ ಹಾಕಿ ಬಂದಿದ್ದಳು ಅಷ್ಟೇ. ಇಲ್ಲಿ ನೀರಿನಲ್ಲಿ ಬಿದಿರು ನೆಟ್ಟು, ಅಡ್ಡ ಗಳ ಕಟ್ಟಿ, ಸಾಲಾಗಿ ಹಗ್ಗ ಇಳಿಬಿಡುತ್ತಿದ್ದರು. ಕಲ್ಲುಮ್ಮಕ್ಕಾಯಿ, ಅಂದರೆ ತಿನ್ನೋ ಚಿಪ್ಪುಜೀವಿಯ ಬೇಸಾಯ. ಮರಿ ಚಿಪ್ಪುಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಅವು ಹಗ್ಗ ಹಿಡಿದಿರುತ್ತವೆ. ತಿನ್ನೋ ಮಾತು ಬಿಡಿ, ಅವ್ವ ಅದನ್ನು ಮುಟ್ಟುವವಳೂ ಅಲ್ಲ. ಆದರೆ ಒಕ್ಕಲುತನ ಮಾಡಿದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ರಶ್ನೆ ಶುರುಮಾಡಿದಳು. ಬೀಜ ಎಲ್ಲಿಂದ? ಕೂಲಿ ಎಷ್ಟು? ರೋಗ ಬೀಳ್ತದೇನು? ಅಲ್ಲಿದ್ದ ಹುಡುಗನಿಗೂ ಆಕೆಗೂ ನಡುವೆ ನಾನು ಮಲಯಾಳ ಕನ್ನಡ ಮಾಡಿ ಸುಸ್ತಾದೆ.

"ರಾಶಿ ಯಾವಾಗ?"

ಏಪ್ರಿಲ್, ಮೇ, ಮಳೆಗಿಂತ ಮೊದಲು ಅಂದ ಹುಡುಗ.

ರಾತ್ರಿ ಊರಿಗೆ ಫೋನ್ ಮಾಡಿ ಪಕ್ಕದ ಮನೆಯ ಕಾಕಿಗೆ ಇದನ್ನೇ ಅರ್ಧ ಗಂಟೆ ಹೇಳಿದಳು. "ನೀರಾಗ ಹಗ್ಗ ಬಿತ್ತತಾರ ಮಾರಾಯ್ತಿ. ಕಳೆ ತೆಗಿಯೂದಿಲ್ಲ, ನೀರ ಹಾಯಸೂದಿಲ್ಲ." ಆಮೇಲೆ ಫೋನ್ ಇಟ್ಟು, ಮೇ ತಿಂಗಳಲ್ಲಿ ವಿಜಯಪುರದಿಂದ ಈ ಕಡೆ ಬರೋ ರೈಲಿಗೆ ಟಿಕೆಟ್ ಸಿಗ್ತದೇನು ನೋಡು ಅಂದಳು.