ನಮ್ಮ ಅಂಗಡಿಯಲ್ಲಿ ಬೈಗುಳ ಟೈಪ್ ಮಾಡುವುದಿಲ್ಲ

ಮೊನ್ನೆ ಸಂಜೆ ಒಬ್ಬ ಹಿರಿಯರು ಅಂಗಡಿಗೆ ಬಂದರು. ಮಳೆಗೆ ಪೂರ್ತಿ ನೆನೆದಿದ್ದರು. ಕೊಡೆ ಬಾಗಿಲಿಗೆ ಒರಗಿಸಿ, ಕುರ್ಚಿ ಎಳೆದು ಕೂತು, "ಬರ್ಕೊಳಮ್ಮ" ಎಂದರು. ಪಕ್ಕದ ಮನೆಯವನ ಮೇಲೆ ಪೊಲೀಸರಿಗೆ ದೂರು ಕೊಡಬೇಕಂತೆ. ಶುರು ಮಾಡಿದ್ದೇ "ಸದರಿಯವನು ಹುಟ್ಟಾ ನೀಚನಾಗಿದ್ದು" ಅಂತ. ಎರಡು ಪುಟ ಆಯಿತು. ಅವನ ಅಪ್ಪ ಎಂಥವನು, ಹೆಂಡತಿ ಎಂಥವಳು, ಯಾವುದೋ ವರ್ಷದ ಗಣಪತಿ ಹಬ್ಬದಲ್ಲಿ ಚಂದಾ ಕೊಡದೆ ಹೇಗೆ ತಪ್ಪಿಸಿಕೊಂಡ, ಎಲ್ಲ ಬಂತು. ಈಗ ಆಗಿರುವುದು ಏನು ಅನ್ನೋದು ಮಾತ್ರ ಬರಲಿಲ್ಲ. ಕೊನೆಗೆ ನಾನೇ ಕೇಳಿದೆ. ಆ ಮನೆಯ ಶೀಟಿನ ನೀರು ಇವರ ಗೋಡೆಗೆ ಬೀಳುತ್ತಿದೆ. ಅಷ್ಟೇ.

ಎರಡು ಪುಟ ಅಳಿಸಿ ಎಂಟು ಸಾಲು ಮಾಡಿದೆ. ಯಾವತ್ತಿನಿಂದ ನೀರು ಬೀಳುತ್ತಿದೆ, ಯಾವ ಗೋಡೆ, ಏನು ಹಾಳಾಗಿದೆ, ಏನು ಮಾಡಿಕೊಡಬೇಕು. ಪೊಲೀಸರಿಗೆ ಬೇಡ, ಮೊದಲು ಪಕ್ಕದ ಮನೆಯವರಿಗೇ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ, ಕೇಳದಿದ್ದರೆ ನಗರಸಭೆಗೆ ಕೊಡೋಣ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ನೀಚ ಅನ್ನೋದಾದ್ರೂ ಇರ್ಲಿ ಕಣಮ್ಮ" ಎಂದರು.

ಚಿಕ್ಕಮಗಳೂರಿನಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಕೋರ್ಟಿಗೆ, ತಾಲ್ಲೂಕು ಕಚೇರಿಗೆ ಓಡಾಡುವವರೇ ಗಿರಾಕಿಗಳು. ಹದಿನಾಲ್ಕು ವರ್ಷದಿಂದ ಊರಿನ ಜಗಳಗಳೆಲ್ಲ ನನ್ನ ಮಿಷಿನ್ ಗಾಜಿನ ಮೇಲೆ ಅಂಗಾತ ಮಲಗಿ ಹೋಗಿವೆ. ನಾನು ವಕೀಲೆ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇಷ್ಟು ನೋಡಿದ್ದೇನೆ. ತಕರಾರಿನ ಜನ ಎದುರಾದರೆ ನಮ್ಮವರಿಗೆ ಗೊತ್ತಿರುವುದು ಎರಡೇ ದಾರಿ. ಒಂದು, "ಹೋಗ್ಲಿ ಬಿಡು ಮಾರಾಯ" ಅಂತ ನುಂಗಿಕೊಳ್ಳುವುದು. ಅದು ಎಷ್ಟೋ ವರ್ಷ ನಡೆಯುತ್ತದೆ. ಆಮೇಲೆ ಒಂದು ದಿನ ಬೇಲಿ ಹತ್ತಿರ ಕತ್ತಿ ಹಿಡಿದು ಕೂಗಾಡುವುದು. ನಡುವೆ ಒಂದು ಹಾಳೆ ಇದೆ, ಅದರ ಮೇಲೆ ದಿನಾಂಕ ಹಾಕಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬಹುದು ಅನ್ನೋದು ಯಾರಿಗೂ ಹೊಳೆಯುವುದಿಲ್ಲ.

ನನಗೂ ಹೊಳೆದಿರಲಿಲ್ಲ. ದಿನಾ ಇದೇ ಕೆಲಸ ಮಾಡುವ ನನಗೇ!

ಆಲ್ದೂರು ಕಡೆ ನಮ್ಮದು ನಾಲ್ಕೂವರೆ ಎಕರೆ ಕಾಫಿ ತೋಟ. ತಾತನ ಕಾಲದಲ್ಲಿ ಒಂದೇ ತೋಟ. ಪಾಲಾದಾಗ ರಸ್ತೆ ಕಡೆಯದು ದೊಡ್ಡಪ್ಪನಿಗೆ, ಹಿಂದಿನದು ಅಪ್ಪನಿಗೆ ಬಂತು. ದೊಡ್ಡಪ್ಪನ ತೋಟದ ನಡುವಿನ ಗಾಡಿ ದಾರಿಯಲ್ಲೇ ನಮ್ಮ ಓಡಾಟ. ದೊಡ್ಡಪ್ಪ ಇರುವವರೆಗೆ ಅದು ಒಂದು ವಿಷಯವೇ ಆಗಿರಲಿಲ್ಲ. ಅವರು ತೀರಿಕೊಂಡ ಎರಡನೇ ವರ್ಷ, ಡಿಸೆಂಬರ್‌ನಲ್ಲಿ, ದೊಡ್ಡಪ್ಪನ ಮಗ ಗೇಟು ಹಾಕಿ ಬೀಗ ಜಡಿದ. ಅಣ್ಣ ಅಂತಲೇ ಕರೆದು ಬೆಳೆದವಳು ನಾನು. ದಾಯಾದಿ ಅನ್ನುವ ಪದ ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ?

ಡಿಸೆಂಬರ್ ಅಂದರೆ ಅರೇಬಿಕಾ ಹಣ್ಣು ಕೊಯ್ಯುವ ಕಾಲ. ಕೊಯ್ದ ಹಣ್ಣು ಅದೇ ದಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹೋಗಬೇಕು, ಇಲ್ಲದಿದ್ದರೆ ಮೂಟೆಯಲ್ಲೇ ಬಿಸಿಯಾಗಿ ಹುಳಿ ಬರುತ್ತದೆ. ಪಿಕಪ್ ಗಾಡಿ ಗೇಟಿನ ಹೊರಗೆ ನಿಂತಿತು. ಕೆಳಗಿನ ತೋಟದವರು ಪುಣ್ಯಾತ್ಮರು, ಅವರ ಜಾಗದಲ್ಲಿ ಬಿಟ್ಟರು. ಆಳುಗಳು ಮೂಟೆ ಹೊತ್ತು ಹಳ್ಳ ದಾಟಿಸಿದರು. ಅಪ್ಪ ಗೇಟಿನ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದರು. ಅಣ್ಣನೂ ಬೈದ. "ಈ ಕಡೆ ಕಾಲಿಟ್ರೆ ಕಾಲು ಮುರೀತೀನಿ" ಎಂದ. ಎಪ್ಪತ್ತೊಂದು ವರ್ಷದ ಚಿಕ್ಕಪ್ಪನಿಗೆ.

ಮರುದಿನ ಠಾಣೆಗೆ ಹೋದೆವು. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದಾರಿ ಅಡ್ಡಗಟ್ಟಿದರೆ ಅಪರಾಧ ಅಲ್ವಾ? ಪುಸ್ತಕ ತೆಗೆದು ನೋಡಿದೆ. ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್. ಆದರೆ ಅದರ ಕೆಳಗೇ ಒಂದು ವಿನಾಯಿತಿ ಇದೆ. ಖಾಸಗಿ ದಾರಿಯನ್ನು ತಡೆಯುವ ಹಕ್ಕು ತನಗಿದೆ ಅಂತ ಒಬ್ಬ ಪ್ರಾಮಾಣಿಕವಾಗಿ ನಂಬಿ ತಡೆದರೆ, ಅದು ಈ ಅಪರಾಧ ಆಗುವುದಿಲ್ಲ. ಮಲೆನಾಡಿನ ಗೇಟು ಜಗಳಗಳಲ್ಲಿ ಪೊಲೀಸರು ಕೈ ಹಾಕಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ ಅಂತ ಆವತ್ತು ಗೊತ್ತಾಯಿತು. ಅವರು ಪೂರ್ತಿ ತಪ್ಪು ಹೇಳಿರಲಿಲ್ಲ.

ಪೂರ್ತಿ ಸರಿಯನ್ನೂ ಹೇಳಿರಲಿಲ್ಲ. ಗೇಟು ಬೇರೆ, ಕಾಲು ಮುರಿಯುವ ಬೆದರಿಕೆ ಬೇರೆ. ಬೆದರಿಕೆಗೆ 351ನೇ ಸೆಕ್ಷನ್ ಇದೆ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧ ಅಂತಾದರೂ, ದೂರಿನ ಸಾರ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅದೇ ಎನ್‌ಸಿಆರ್. ಆದೇಶ ಇಲ್ಲದೆಯೇ ತನಿಖೆ ಮಾಡಬಹುದಾದ ಅಪರಾಧವಾದರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು.

ಎರಡನೇ ಸಲ ಹೋದಾಗ ನಾನು ಎರಡೂ ಸೇರಿಸಲಿಲ್ಲ. ಬೆದರಿಕೆ ಬಗ್ಗೆ ಮಾತ್ರ ಹತ್ತು ಸಾಲು ಬರೆದು ತಂದಿದ್ದೆ. ಗೇಟಿನ ಮಾತೇ ಎತ್ತಲಿಲ್ಲ. "ಸರ್, ಇದನ್ನ ತಗೊಂಡು ಒಂದು ಸ್ವೀಕೃತಿ ಕೊಡಿ. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಹಿಂಬರಹ ಕೊಡಿ" ಎಂದೆ. ಅದೇ ಠಾಣೆ, ಅದೇ ಸಾಹೇಬರು. ಒಂದು ನಿಮಿಷ ನನ್ನ ಮುಖ ನೋಡಿ, ಬರೆದುಕೊಂಡು, ಕಾಗದ ಕೊಟ್ಟರು. ನಾನು ಜೋರಾಗಿ ಮಾತಾಡಲಿಲ್ಲ. ಸೆಕ್ಷನ್ ನಂಬರನ್ನೂ ಹೇಳಲಿಲ್ಲ. ಸೆಕ್ಷನ್ ಹೇಳಿ ಹೆದರಿಸುವವರನ್ನು ಕಂಡರೆ ನನಗೂ ಆಗುವುದಿಲ್ಲ, ಪೊಲೀಸರಿಗೆ ಆಗುತ್ತಾ? ಅದೂ ಅಲ್ಲದೆ 2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಹೊಸ ಸಂಹಿತೆ ಬಂದು ನಂಬರುಗಳೆಲ್ಲ ಬದಲಾಗಿವೆ. ಫೋರ್ ಟ್ವೆಂಟಿ ಈಗ 318. ಆದರೂ ಯಾರೂ ಯಾರನ್ನೂ "ತ್ರೀ ಒನ್ ಏಟ್" ಅಂತ ಬೈಯುವುದನ್ನು ನಾನು ಕೇಳಿಲ್ಲ.

ಅಣ್ಣನೂ ನಮ್ಮ ಮೇಲೆ ಒಂದು ದೂರು ಕೊಟ್ಟ. ಸಂಜೆ ಠಾಣೆಯಿಂದ ಫೋನ್ ಬಂತು. ಅಮ್ಮ ಗೇಟಿನ ಹತ್ತಿರ ಇದ್ದರಂತಲ್ಲ, ಹೇಳಿಕೆ ಕೊಡಲು ಕಳಿಸಿ ಅಂತ. ಅಮ್ಮ ಬಿಳುಚಿಕೊಂಡು ಸೀರೆ ಬದಲಿಸಲು ಎದ್ದರು. ಕೂರಿಸಿದೆ. ಸಾಕ್ಷಿಯಾಗಿ ವಿಚಾರಿಸಲು ಹೆಂಗಸರನ್ನು, ಅರವತ್ತು ದಾಟಿದವರನ್ನು, ಹದಿನೈದಕ್ಕಿಂತ ಚಿಕ್ಕ ಮಕ್ಕಳನ್ನು ಠಾಣೆಗೆ ಬನ್ನಿ ಅನ್ನುವಂತಿಲ್ಲ. ಅವರಿರುವ ಕಡೆಗೇ ಪೊಲೀಸರು ಬರಬೇಕು. "ಮನೆಗೇ ಬನ್ನಿ ಸರ್, ಕಾಫಿ ಕುಡ್ಕೊಂಡು ಹೋಗೋರಂತೆ" ಎಂದೆ. ಬಂದರು. ಕಾಫಿ ಕುಡಿದರು. ಅಮ್ಮ ಹೇಳಿದ್ದನ್ನು ಬರೆದುಕೊಂಡು ಹೋದರು. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಯ ಅಮ್ಮಂದಿರು ರಾತ್ರಿಯೆಲ್ಲ ನಿದ್ದೆ ಕೆಟ್ಟಿದ್ದಾರೋ.

ದಾರಿಯ ವಿಷಯಕ್ಕೆ ವಕೀಲರ ಹತ್ತಿರ ಹೋದೆವು. ಅವರು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ, "ನಿಮ್ಮಣ್ಣನ ಹತ್ರ ಕೇಳಿ ಓಡಾಡ್ತಿದ್ರಾ, ಹಾಗೇ ಓಡಾಡ್ತಿದ್ರಾ?" ಅಪ್ಪನಿಗೆ ಅರ್ಥ ಆಗಲಿಲ್ಲ. ನಮ್ಮ ಕಡೆ ಮರ್ಯಾದೆಗೆ ಕೇಳುವುದು ಅಂತ ಒಂದಿದೆಯಲ್ಲ. ಆದರೆ ಕಾನೂನಿನಲ್ಲಿ ಅದೇ ದೊಡ್ಡ ವ್ಯತ್ಯಾಸ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದರೆ ದಾರಿ ಹಕ್ಕು ಹುಟ್ಟುತ್ತದೆ. ಅನುಮತಿ ಕೇಳಿ ಓಡಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ದಾರಿ ಮುಚ್ಚಿದ ಮೇಲೆ "ನೋಡೋಣ, ನೋಡೋಣ" ಅಂತ ಕೂರುವಂತಿಲ್ಲ. ಆ 20 ವರ್ಷದ ಲೆಕ್ಕ ದಾವೆ ಹಾಕುವ ದಿನದಿಂದ ಹಿಂದಿನ ಎರಡು ವರ್ಷದೊಳಗೆ ಬಂದು ಮುಗಿಯಬೇಕು. ನುಂಗಿಕೊಂಡು ಸುಮ್ನಿರುವ ಒಳ್ಳೆಯವರು ಇಲ್ಲೇ ಸೋಲುವುದು.

ನಮ್ಮ ಅದೃಷ್ಟಕ್ಕೆ ಇನ್ನೊಂದು ಕಲಮು ಇತ್ತು. ಒಂದೇ ಜಮೀನು ಪಾಲಾಗಿ, ಒಂದು ಪಾಲಿಗೆ ಇನ್ನೊಂದರ ಮೂಲಕ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ, ಅಗತ್ಯದ ದಾರಿ ಅಂತ ಹಕ್ಕು ಇದೆ. ಅದಕ್ಕೆ 20 ವರ್ಷ ಕಾಯಬೇಕಿಲ್ಲ. ಕೆಳಗಿನ ತೋಟದವರು ಬಿಟ್ಟಿದ್ದು ಅವರ ದಯೆ, ನಮ್ಮ ಹಕ್ಕಲ್ಲ, ಆದ್ದರಿಂದ ಅದು ಬೇರೆ ದಾರಿ ಅಂತ ಆಗುವುದಿಲ್ಲ ಅಂದರು ವಕೀಲರು. ಪಾಲು ಪತ್ರ ಬೇಕು ಎಂದರು. ಅಮ್ಮನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಸಿಕ್ಕಿತು.

ಜೊತೆಗೆ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆಸಲು, ಅರ್ಜಿ ಹಾಕಿದ್ದೆವು. ಅಣ್ಣ ಬೇಲಿಯನ್ನೂ ಒತ್ತುತ್ತಿದ್ದಾನೆ ಅನ್ನೋದು ಅಪ್ಪನ ಗುಮಾನಿ. ಸರ್ವೇಯರ್ ಬಂದರು. ಎರಡೂ ಕಡೆಯವರು ನಿಂತಿದ್ದೆವು, ಮಾತಿಲ್ಲ. ಅಳತೆ ಮುಗಿದಾಗ ಗೊತ್ತಾಗಿದ್ದು, ಒತ್ತಿದ್ದು ನಾವೇ. ಮೂರು ಅಡಿ. ಅಪ್ಪ ಯಾವಾಗಲೋ ಬೇಲಿ ಕಟ್ಟುವಾಗ ಸಿಲ್ವರ್ ಮರದ ಸಾಲು ನೋಡಿಕೊಂಡು ಕಟ್ಟಿದ್ದರಂತೆ. ಅಪ್ಪನ ಮುಖ ನೋಡಲಾಗಲಿಲ್ಲ. ತಕರಾರಿನ ಮನುಷ್ಯ ಅಂತ ನಾವು ಊರೆಲ್ಲ ಹೇಳಿಕೊಂಡು ಬಂದಿದ್ದೆವಲ್ಲ, ಅವನ ಕಣ್ಣಿಗೆ ಇಷ್ಟು ವರ್ಷ ತಕರಾರಿನವರು ನಾವಾಗಿದ್ದೆವು. ಅವನೂ ಬಾಯಿಬಿಟ್ಟು ಹೇಳಿರಲಿಲ್ಲ. ನುಂಗಿಕೊಂಡಿದ್ದ. ಆಮೇಲೆ ಬೀಗ ಜಡಿದ.

ಅಲ್ಲಿಂದ ಮಾತಿನ ಧಾಟಿ ಬದಲಾಯಿತು. ದಾವೆ ಹಾಕುವ ಮೊದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಕೂತೆವು. ಶುಲ್ಕ ಇಲ್ಲ. ಅಲ್ಲಿ ಒಪ್ಪಿ ಸಹಿ ಹಾಕಿದ್ದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ನೆಂಟರಿಷ್ಟರ ಪಂಚಾಯಿತಿಯಲ್ಲಿ ಮೂರು ಸಲ ಒಪ್ಪಿ ಮೂರು ಸಲ ಮುರಿದಿದ್ದ ನಮಗೆ ಅದೇ ಬೇಕಾಗಿತ್ತು.

ನನ್ನ ಅನುಭವ ಎಲ್ಲರಿಗೂ ಹೊಂದುತ್ತದೆ ಅಂತಲ್ಲ. ರಾಜಿಗೆ ಕೂರಲೇಬಾರದ ಜಗಳಗಳೂ ಇವೆ. ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಮೊದಲು ಕೂತು ಮಾತಾಡಿ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥ ಕಡೆ ತುರ್ತಿನ 112ಕ್ಕೆ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬೇಕು. ಹೋದ ವರ್ಷ ಒಬ್ಬ ಅಜ್ಜಿ ಬಂದಿದ್ದರು. ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು, ಈಗ ಊಟಕ್ಕೂ ಗತಿಯಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಅರ್ಜಿ ಕೊಟ್ಟರೆ ಅಂಥ ಪತ್ರ ರದ್ದು ಮಾಡಲು ಅವಕಾಶ ಇದೆ. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿರಬೇಕು. ಅಜ್ಜಿಯ ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತ ಮಾತ್ರ ಇತ್ತು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೂ ಆಯಿತು ಅಂತ ಹೇಳಿ ಕೋರ್ಟಿಗೆ ಕಳಿಸಿದೆ. ಈಗ ಯಾರೇ ದಾನಪತ್ರದ ಕರಡು ಹಿಡಿದು ಬಂದರೂ ಆ ಷರತ್ತಿನ ಸಾಲು ಇದೆಯಾ ಅಂತ ನಾನೇ ಹುಡುಕುತ್ತೇನೆ. ಮಕ್ಕಳು ನನ್ನನ್ನು ಕೆಕ್ಕರಿಸಿ ನೋಡುತ್ತಾರೆ. ನೋಡಲಿ.

ಸಂಘದ ಸಾಲದ ವಸೂಲಿಯವರು ರಾತ್ರಿ ಎಂಟಕ್ಕೆ ಬಾಗಿಲ ಮುಂದೆ ಕೂತರೆ ಸುಮ್ನಿರಬೇಡಿ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 2025ರಲ್ಲಿ ನಮ್ಮ ರಾಜ್ಯವೂ ಕಿರುಕುಳದ ವಸೂಲಿ ವಿರುದ್ಧ ಕಾನೂನು ತಂದಿದೆ. ಸಾಲ ಮಾತ್ರ ಕಟ್ಟಬೇಕು, ಅದು ಬೇರೆ ಮಾತು.

ಎದುರಿನವರ ಜೊತೆ ಮಾತಾಡುವ ಬಗ್ಗೆ ನನಗೆ ಗೊತ್ತಿರುವುದು ಒಂದೇ. ಅವರು ಏಕವಚನಕ್ಕೆ ಇಳಿದರೂ ನಾನು ಬಹುವಚನ ಬಿಡುವುದಿಲ್ಲ. ನಮ್ಮ ಊರಿನ ಜಗಳಗಳು ಜಾಗಕ್ಕೆ, ದುಡ್ಡಿಗೆ ಶುರುವಾಗುತ್ತವೆ. ಹೊಡೆದಾಟ ಆಗುವುದು "ಯಾರಿಗೋ ನೀನು ಅಂತೀಯ" ಅನ್ನುವ ಹಂತದಲ್ಲೇ. ಅಂಗಡಿ ಮುಂದೆಯೇ ಎಷ್ಟು ಸಲ ನೋಡಿಲ್ಲ! ಮುಖದ ಮುಂದೆ ಮೊಬೈಲ್ ಹಿಡಿದು ವಿಡಿಯೋ ಮಾಡುವುದೂ ಹಾಗೇ, ಆರುವ ಬೆಂಕಿಗೆ ಗಾಳಿ. ಮೆಸೇಜು, ಕಾಲ್ ಲಿಸ್ಟು ಅಳಿಸದೆ ಇಟ್ಟುಕೊಂಡರೆ ಸಾಕು. ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟು ಸ್ಕ್ರೀನ್‌ಶಾಟ್ ಪ್ರಿಂಟ್ ಹಿಡಿದು ಕೋರ್ಟಿಗೆ ಹೋಗುವವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ. ಪ್ರಿಂಟ್ ನಾನು ಕೊಡುತ್ತೇನೆ, ಅದು ಅಸಲಿ ಅನ್ನಲು ಕೋರ್ಟು ಕೇಳುವ ಪ್ರಮಾಣಪತ್ರ ನಾನು ಕೊಡಲಾಗುವುದಿಲ್ಲ.

ನಮ್ಮ ರಾಜಿಯ ಪ್ರಕಾರ ಗಾಡಿ ದಾರಿ ಹತ್ತು ಅಡಿ, ಗೇಟು ಇರುತ್ತದೆ, ಬೀಗಕ್ಕೆ ಎರಡು ಕೀ. ಮಳೆ ಹಿಡಿಯುವ ಮೊದಲೇ ಅಪ್ಪ ನಿಂತು ಬೇಲಿಯನ್ನು ಮೂರು ಅಡಿ ಈಚೆಗೆ ಹಾಕಿಸಿದರು. ಅಣ್ಣ ಈಗಲೂ ಮಾತಾಡುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕಿದರೆ ಬೇರೆ ಪಂಕ್ತಿಯಲ್ಲಿ ಕೂರುತ್ತಾನೆ. ಹೋದ ಕುಯ್ಲಿನಲ್ಲಿ ನಮ್ಮ ಪಿಕಪ್ ಕೆಸರಿಗೆ ಇಳಿದಾಗ ಅವನ ಆಳುಗಳು ಬಂದು ತಳ್ಳಿದರು. ಅವನು ಕಣದ ಹತ್ತಿರ ನಿಂತು ಬೇರೆ ಕಡೆ ನೋಡುತ್ತಿದ್ದನಂತೆ.