ಸತ್ಯಾಂಶ: ಟೋನಿ ಪ್ರಶಸ್ತಿಯ ವರ್ಷ ಜನವರಿಗೆ ಶುರುವಾಗುವುದಿಲ್ಲ

‘ಹ್ಯಾಮಿಲ್ಟನ್ ಎಂಬ ಸಂಗೀತ ನಾಟಕ ರಂಗಕ್ಕೆ ಬಂದದ್ದು 2015ರಲ್ಲಿ, ಟೋನಿ ಪ್ರಶಸ್ತಿ ಗೆದ್ದದ್ದು 2016ರಲ್ಲಿ. ಹಳೆಯ ನಾಟಕಕ್ಕಾಗಿ ನಿಯಮ ಸಡಿಲಿಸಿದರು’ ಎನ್ನುವ ಬಗೆಯ ಸಂದೇಶಗಳು ಮೊಬೈಲ್‌ಗೆ ಬರುತ್ತಿರುತ್ತವೆ. ಇಸವಿಗಳೇನೋ ಸರಿ, ತೀರ್ಮಾನ ಮಾತ್ರ ತಪ್ಪು.

ಟೋನಿ ಎಂದರೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ನಾಟಕಗಳಿಗೆ ಕೊಡುವ ಪ್ರಶಸ್ತಿ. ಆ ರಂಗಭೂಮಿಯ ಲೆಕ್ಕ ನಮ್ಮ ಶಾಲಾ ವರ್ಷದಂತೆ ಎರಡು ಇಸವಿಗಳಿಗೆ ಹರಡಿಕೊಂಡಿರುತ್ತದೆ. ನಾಟಕ ಆ ಸಾಲಿನ ಟೋನಿಗೆ ಅರ್ಹವಾಗಲು ಕೊನೆಯ ದಿನ ಸಾಮಾನ್ಯವಾಗಿ ಏಪ್ರಿಲ್ ಅಂತ್ಯ, ಸಮಾರಂಭ ಜೂನ್‌ನಲ್ಲಿ. ನಿಖರ ದಿನವನ್ನು ಪ್ರಶಸ್ತಿಯ ಆಡಳಿತ ಸಮಿತಿ ಗೊತ್ತುಮಾಡುತ್ತದೆ. ಲೆಕ್ಕಕ್ಕೆ ಬರುವುದು ಅಧಿಕೃತ ಉದ್ಘಾಟನೆಯ ರಾತ್ರಿ. ಅದಕ್ಕೂ ಮುಂಚಿನ ಪೂರ್ವಪ್ರದರ್ಶನಗಳಿಗೆ ಟಿಕೆಟ್ ಮಾರಿದ್ದರೂ ಅವು ಗಣನೆಗಿಲ್ಲ.

ಇನ್ನೊಂದು ಷರತ್ತು ರಂಗಮಂದಿರದ್ದು: ಮ್ಯಾನ್‌ಹಟನ್‌ನಲ್ಲಿದ್ದು, 500 ಅಥವಾ ಹೆಚ್ಚು ಆಸನಗಳಿದ್ದು, ಸಮಿತಿಯ ಮಾನ್ಯತೆ ಪಡೆದಿರಬೇಕು. ಹ್ಯಾಮಿಲ್ಟನ್ 2015ರ ಫೆಬ್ರುವರಿಯಲ್ಲಿ ತೆರೆಕಂಡದ್ದು ಪಬ್ಲಿಕ್ ಥಿಯೇಟರ್‌ನಲ್ಲಿ. ಅದು ಬ್ರಾಡ್‌ವೇ ಅಲ್ಲ. ಬ್ರಾಡ್‌ವೇಯ ರಿಚರ್ಡ್ ರಾಜರ್ಸ್ ರಂಗಮಂದಿರದಲ್ಲಿ ಉದ್ಘಾಟನೆಯಾದದ್ದು ಅದೇ ವರ್ಷದ ಆಗಸ್ಟ್ 6ರಂದು. ಅಷ್ಟರಲ್ಲಿ 2015ರ ಟೋನಿ ಹಂಚಿ ಮುಗಿದಿತ್ತು. ಸಹಜವಾಗಿ 2016ರ ಸಾಲಿಗೆ ಸೇರಿ 11 ಪ್ರಶಸ್ತಿ ಬಾಚಿಕೊಂಡಿತು.

ನಿಯಮ ನಿಜವಾಗಿಯೂ ಹೊರಳಿದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ 12ರಂದು ಬ್ರಾಡ್‌ವೇ ಬಾಗಿಲು ಹಾಕಿತು. ಟೋನಿ ವಿಜೇತರನ್ನು ಆರಿಸುವ ಮತದಾರರು ಕೊನೆಕೊನೆಯ ನಾಟಕಗಳನ್ನು ನೋಡಿರಲಿಲ್ಲವಾದ್ದರಿಂದ ಗಡುವನ್ನು ಹಿಂದಕ್ಕೆಳೆದು ಫೆಬ್ರುವರಿ 19ಕ್ಕೆ ನಿಲ್ಲಿಸಲಾಯಿತು. 20ರಂದು ಉದ್ಘಾಟನೆಯಾದ ‘ವೆಸ್ಟ್ ಸೈಡ್ ಸ್ಟೋರಿ’ಯ ಹೊಸ ಪ್ರಯೋಗ ಒಂದೇ ದಿನದಲ್ಲಿ ಹೊರಗುಳಿಯಿತು, ಪಾಪ, ಅದು ಮತ್ತೆ ಬ್ರಾಡ್‌ವೇಗೆ ಮರಳಲೂ ಇಲ್ಲ. ಆ ಸಾಲಿನ ಸಮಾರಂಭ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ.